ವಿಎ ಮನೆ–ವಾಹನ ನೆರವು: ಅರ್ಹತೆ ಎಲ್ಲಿ ತಪ್ಪುತ್ತದೆ, ಯಾವ ಹೆಜ್ಜೆ ಮೊದಲು

ಅಮೆರಿಕದ ಸೇನೆಯಲ್ಲಿ ದುಡಿದು ಗಾಯಗೊಂಡು ಬಂದವರ ಮನೆಗಳಲ್ಲಿ ಒಂದೇ ಬಗೆಯ ಎಡವಟ್ಟು ಮತ್ತೆ ಮತ್ತೆ ಆಗುತ್ತದೆ. ಕಾರು ಮೊದಲು ಕೊಂಡು ಬಿಲ್ಲನ್ನು ಆಮೇಲೆ ಕಳಿಸುತ್ತಾರೆ. ಬಚ್ಚಲು ಒಡೆಸಿದ ಮೇಲೆ ಅರ್ಜಿ ತುಂಬಲು ಕೂರುತ್ತಾರೆ. "ನೂರಕ್ಕೆ ನೂರು ಅಂಗವೈಕಲ್ಯದ ರೇಟಿಂಗ್ ಇದೆಯಲ್ಲ, ಇನ್ನೇನು ಬೇಕು" ಎಂದು ನಿಶ್ಚಿಂತರಾಗಿರುತ್ತಾರೆ. ಹೀಗೆ ಮಾಡಿದವರ ಕೈಗೆ ಬರುವುದು ಹೆಚ್ಚಾಗಿ ತಿರಸ್ಕಾರದ ಪತ್ರವೇ. ಗಾಯ ಅರ್ಹವೇ ಆಗಿದ್ದರೂ ಹೆಜ್ಜೆಗಳು ಹಿಂದುಮುಂದಾದರೆ ಹಣ ಕೈತಪ್ಪುತ್ತದೆ.

ಇದು ಅಮೆರಿಕದ ವೆಟರನ್ಸ್ ಅಫೇರ್ಸ್ ಇಲಾಖೆ, ಅಂದರೆ ವಿಎ, ಅಂಗವೈಕಲ್ಯಕ್ಕೆ ತಕ್ಕಂತೆ ಮನೆ ಮಾರ್ಪಡಿಸಲು ಮತ್ತು ವಾಹನ ಕೊಳ್ಳಲು ವೆಟರನ್‌ಗಳಿಗೆ (ಮಾಜಿ ಸೈನಿಕರಿಗೆ) ಕೊಡುವ ನೆರವಿನ ವಿಷಯ. ಅಲ್ಲಿ ನೆಲೆಸಿ ಮಗನನ್ನೋ ಮಗಳನ್ನೋ ಸೊಸೆಯನ್ನೋ ಸೇನೆಗೆ ಕಳಿಸಿದ ಕನ್ನಡದ ಮನೆಗಳಿಗೆ ನೇರವಾಗಿ ಉಪಯೋಗವಾದೀತು. ಭಾರತೀಯ ಸೇನೆಯಿಂದ ನಿವೃತ್ತರಾದವರ ದಾರಿ ಬೇರೆ. ಕರ್ನಾಟಕದಲ್ಲಿ ಅವರು ಹೋಗಬೇಕಾದ್ದು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ. ಇಲ್ಲಿನ ಯಾವ ಫಾರ್ಮೂ ಅವರಿಗೆ ಅನ್ವಯಿಸುವುದಿಲ್ಲ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದ್ದು

ಬಿಡುಗಡೆಯ ದಾಖಲೆ ಡಿಡಿ-214, ವಿಎಯ ಇತ್ತೀಚಿನ ರೇಟಿಂಗ್ ಡಿಸಿಷನ್ ಪತ್ರದ (ಅಂಗವೈಕಲ್ಯ ಶೇಕಡಾ ಎಷ್ಟೆಂದು ವಿಎ ತೀರ್ಮಾನಿಸಿದ ಪತ್ರ) ಎಲ್ಲಾ ಪುಟಗಳು, ಗಾಯಕ್ಕೆ ಸಂಬಂಧಪಟ್ಟ ವೈದ್ಯಕೀಯ ದಾಖಲೆ, ಮನೆಯ ಡೀಡ್ ಅಥವಾ ಸಾಲದ ಕಾಗದ, ವಿಎ ಜಾಲತಾಣಕ್ಕೆ ಲಾಗಿನ್. ಜೊತೆಗೆ ಒಂದು ಅಳತೆ ಟೇಪು. ಟೇಪು ಯಾಕೆಂದು ನಾಲ್ಕನೇ ಹಂತದಲ್ಲಿ ತಿಳಿಯುತ್ತದೆ.

ರೇಟಿಂಗ್ ಪತ್ರದ ಮೊದಲ ಪುಟವನ್ನಷ್ಟೇ ಇಟ್ಟುಕೊಂಡವರು ಬಹಳ. ಬೇಕಾದ್ದು ಒಳಪುಟಗಳು, ಸಿಕ್ಕರೆ ಕೋಡ್ ಶೀಟ್ (ಪ್ರತಿ ತೊಂದರೆಗೆ ಕೊಟ್ಟ ಕೋಡ್, ಶೇಕಡಾವಾರು ಇರುವ ವಿಎಯ ಒಳಪಟ್ಟಿ) ಕೂಡ. ಕೋಡ್ ಶೀಟ್ ಸಾಮಾನ್ಯವಾಗಿ ಅಂಚೆಯಲ್ಲಿ ಬರುವುದಿಲ್ಲ. ಮಾನ್ಯತೆ ಪಡೆದ ವೆಟರನ್ ಸೇವಾ ಸಂಸ್ಥೆಯ ಪ್ರತಿನಿಧಿಯನ್ನು ಕೇಳಿದರೆ ತೆಗೆಸಿಕೊಡುತ್ತಾರೆ. ಅವರ ಸೇವೆ ಉಚಿತ.

## ಹಂತ 1: ಶೇಕಡಾವಾರು ಬಿಡಿ, ಪದ ಹುಡುಕಿ

ಹೆಚ್ಚು ಜನ ಸೋಲುವುದು ಇಲ್ಲೇ, ಹಾಗಾಗಿ ಇಲ್ಲಿ ಅವಸರ ಮಾಡಬೇಡಿ.

ಮನೆ–ವಾಹನದ ನೆರವು ಶೇಕಡಾವಾರು ರೇಟಿಂಗ್ ನೋಡಿ ಬರುವುದಲ್ಲ. ಪಿಟಿಎಸ್‌ಡಿಗೆ (ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ಶೇ. 100 ಇದ್ದವರಿಗೆ ಅದರಿಂದಲೇ ಮನೆಯ ಗ್ರಾಂಟ್ ಸಿಗುವುದಿಲ್ಲ. ಒಂದು ಪಾದ ಕಳೆದುಕೊಂಡು ಶೇ. 40 ಮಾತ್ರ ಇದ್ದವರಿಗೆ ಕಾರಿನ ಹಣ ಸಿಗುತ್ತದೆ. ವಿಎ ನೋಡುವುದು ಯಾವ ಅಂಗ, ಅದು ಹೋಗಿದೆಯೇ ಅಥವಾ "ಲಾಸ್ ಆಫ್ ಯೂಸ್" ಆಗಿದೆಯೇ, ಮತ್ತು ಅದು ಸರ್ವಿಸ್ ಕನೆಕ್ಟೆಡ್, ಅಂದರೆ ಸೇವೆಯಿಂದಾದದ್ದು, ಎಂದು ದಾಖಲಾಗಿದೆಯೇ ಎಂಬುದನ್ನು.

ಲಾಸ್ ಆಫ್ ಯೂಸ್ ಎಂದರೆ ಅಂಗ ದೇಹದಲ್ಲೇ ಇದ್ದರೂ ಕೆಲಸಕ್ಕಿಲ್ಲ ಎಂದರ್ಥ. ನಿಯಮದ ಅಳತೆಗೋಲು ಹೀಗಿದೆ: ಆ ಕೈ ಅಥವಾ ಪಾದವನ್ನು ಕತ್ತರಿಸಿ ಸೂಕ್ತವಾದ ಕೃತಕ ಅಂಗ ಜೋಡಿಸಿದ್ದರೆ ಎಷ್ಟು ಕೆಲಸ ನಡೆಯುತ್ತಿತ್ತೋ, ಅದಕ್ಕಿಂತ ಹೆಚ್ಚಿನ ಉಪಯೋಗ ಈಗ ಉಳಿದಿಲ್ಲ. ಕೈಗಾದರೆ ಹಿಡಿಯುವುದು, ವಸ್ತುವನ್ನು ತಿರುಗಿಸಿ ಆಡಿಸುವುದು. ಪಾದಕ್ಕಾದರೆ ಸಮತೋಲನ ಮತ್ತು ನೆಲವನ್ನು ಒತ್ತಿ ಮುಂದೆ ಸಾಗುವುದು. ಮೊಣಕಾಲು ಪೂರ್ತಿ ಬಿಗಿದುಹೋಗಿರುವುದು, ಕಾಲು ಮೂರೂವರೆ ಇಂಚು ಅಥವಾ ಹೆಚ್ಚು ಗಿಡ್ಡವಾಗಿರುವುದು, ನರ ಪೂರ್ತಿ ಸತ್ತು ಪಾದ ಜೋತುಬಿದ್ದಿರುವುದು, ಇವನ್ನು ನಿಯಮವೇ ಉದಾಹರಣೆಯಾಗಿ ಹೆಸರಿಸಿದೆ.

ಈಗ ತೊಂದರೆ ನೋಡಿ. ಬೆನ್ನುಹುರಿಯ ಗಾಯದಿಂದ ಎರಡೂ ಪಾದ ಎಳೆದು ನಡೆಯುವವರ ಪತ್ರದಲ್ಲಿ "ರಾಡಿಕ್ಯುಲೋಪತಿ, ಬಲಗಾಲು ಶೇ. 40, ಎಡಗಾಲು ಶೇ. 40" ಎಂದಷ್ಟೇ ಇರುತ್ತದೆ (ರಾಡಿಕ್ಯುಲೋಪತಿ ಎಂದರೆ ಬೆನ್ನುಹುರಿಯಿಂದ ಹೊರಡುವ ನರದ ತೊಂದರೆ). ಲಾಸ್ ಆಫ್ ಯೂಸ್ ಎಂಬ ಮಾತೇ ಇಲ್ಲ. ಇದನ್ನು ಹಿಡಿದು ಮನೆಗೆ ಅರ್ಜಿ ಹಾಕಿದರೆ ತಿರಸ್ಕಾರವಾಗುವ ಸಂಭವವೇ ಹೆಚ್ಚು. ವೈದ್ಯರಿಂದ ಕೇಳಿ ಪಡೆಯಬೇಕಾದ್ದು "ರೋಗಿಗೆ ತೀವ್ರ ನೋವಿದೆ" ಎಂಬ ಪತ್ರವನ್ನಲ್ಲ. ಸಮತೋಲನ ಎಷ್ಟಿದೆ, ನೆಲ ಒತ್ತುವ ಬಲ ಎಷ್ಟಿದೆ, ಬ್ರೇಸ್ ಇಲ್ಲದೆ ಎಷ್ಟು ದೂರ ಹೋಗಬಲ್ಲರು, ಉಳಿದ ಕೆಲಸ ಕೃತಕ ಪಾದದಿಂದ ಆಗುವುದಕ್ಕಿಂತ ಹೆಚ್ಚೇ ಎಂಬ ನಾಲ್ಕಕ್ಕೂ ನೇರ ಉತ್ತರ ಇರುವ ಪತ್ರ ಬೇಕು.

ಇನ್ನೊಂದು ಭಯ ಎಲ್ಲರಿಗೂ ಇರುತ್ತದೆ: "ಮನೆಯೊಳಗೆ ನಾಲ್ಕು ಹೆಜ್ಜೆ ಕೋಲಿಲ್ಲದೆ ಹಾಕುತ್ತೇನೆ, ಹೇಳಿದರೆ ಹೋಯಿತೇ?" ಹೋಗುವುದಿಲ್ಲ. ಬ್ರೇಸ್, ಊರುಗೋಲು, ಕೋಲು ಅಥವಾ ಗಾಲಿಕುರ್ಚಿ ನಿಯಮಿತವಾಗಿ, ಸದಾ ಬೇಕಾಗುತ್ತಿದ್ದರೆ ಸಾಕು. ಅಪರೂಪಕ್ಕೆ ಬೇರೆ ರೀತಿ ನಡೆಯಲು ಆಗುತ್ತದೆ ಎಂಬುದು ಅಡ್ಡಿಯಲ್ಲ ಎಂದು ನಿಯಮದಲ್ಲೇ ಇದೆ. ಸುಳ್ಳು ಹೇಳುವ ಅಗತ್ಯವಿಲ್ಲ. ಪರೀಕ್ಷೆಯ ದಿನ ಮರ್ಯಾದೆಗೆಂದು ಕೋಲು ಕಾರಿನಲ್ಲೇ ಬಿಟ್ಟು ಒಳಗೆ ನಡೆದು ಹೋಗುವ ಅಗತ್ಯವೂ ಇಲ್ಲ.

ಒಳ್ಳೆಯ ಸೂಚನೆಯೊಂದಿದೆ. ಪತ್ರದಲ್ಲಿ ಸ್ಪೆಷಲ್ ಮಂತ್ಲಿ ಕಾಂಪೆನ್ಸೇಷನ್ (ಗಂಭೀರ ನಷ್ಟಕ್ಕೆ ತಿಂಗಳಿಗೆ ಹೆಚ್ಚುವರಿಯಾಗಿ ಕೊಡುವ ಪರಿಹಾರ), ಕೆ ಅಕ್ಷರದ್ದು ಇದೆಯೇ ನೋಡಿ. ಅದು ಪಾದ ಅಥವಾ ಕೈಯ ಲಾಸ್ ಆಫ್ ಯೂಸ್‌ಗೆ ಬಂದಿದ್ದರೆ ಕಾರಿನ ಬಾಗಿಲು ಅರ್ಧ ತೆರೆದಂತೆ. ಆದರೆ ಅದೇ ಅಕ್ಷರದಡಿ ಸಂತಾನಾಂಗದ ನಷ್ಟಕ್ಕೂ ಹಣ ಬರುತ್ತದೆ, ಹಾಗಾಗಿ ಯಾವುದಕ್ಕೆ ಬಂದಿದೆ ಎಂದು ಓದಿಯೇ ಮುಂದುವರಿಯಿರಿ.

ರೇಟಿಂಗ್ ಇನ್ನೂ ಆಗಿಯೇ ಇಲ್ಲವಾದರೆ 21-526 ಇಝಡ್ ಫಾರ್ಮಿನ ಅಂಗವೈಕಲ್ಯದ ಅರ್ಜಿ ಮೊದಲು. ಗಾಯ ಯುದ್ಧಭೂಮಿಯಲ್ಲೇ ಆಗಿರಬೇಕೆಂದಿಲ್ಲ. ವಿಎ ಆಸ್ಪತ್ರೆಯ ಚಿಕಿತ್ಸೆಯಲ್ಲಾದ ತಪ್ಪಿನಿಂದ ಅಂಗ ಹೋಗಿದ್ದು, ಅದನ್ನು ಕಾನೂನಿನ 1151ನೇ ವಿಧಿಯಡಿ ವಿಎ ಒಪ್ಪಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಇನ್ನೂ ಸೇವೆಯಲ್ಲಿರುವ ಸೈನಿಕರೂ ಅರ್ಜಿ ಹಾಕಬಹುದು.

## ಹಂತ 2: ನಿಮ್ಮದು ಯಾವ ಗ್ರಾಂಟ್?

ಮನೆಗೆ ನಾಲ್ಕು ಹೆಸರುಗಳಿವೆ. ಇವನ್ನು ಒಂದರೊಳಗೊಂದು ಕಲಸಿಕೊಂಡರೆ ತಪ್ಪು ಫಾರ್ಮು ತಪ್ಪು ಕಚೇರಿಗೆ ಹೋಗುತ್ತದೆ. ಕೆಳಗಿನ ಮೊತ್ತಗಳು 2025ರ ಹಣಕಾಸು ವರ್ಷದವು, ಅಂದರೆ 2024ರ ಅಕ್ಟೋಬರ್ 1ರಿಂದ 2025ರ ಸೆಪ್ಟೆಂಬರ್ 30ರವರೆಗಿನವು. ಮಿತಿಯನ್ನು ಪ್ರತಿ ಅಕ್ಟೋಬರ್ 1ಕ್ಕೆ ಕಟ್ಟಡದ ಖರ್ಚಿನ ಸೂಚ್ಯಂಕ ನೋಡಿ ಪರಿಷ್ಕರಿಸುತ್ತಾರೆ. ಅರ್ಜಿ ಹಾಕುವ ವರ್ಷದ ಅಂಕಿ ಯಾವುದೆಂದು ಖಚಿತಪಡಿಸಿಕೊಂಡೇ ಬಜೆಟ್ ಹಾಕಿ.

ಎಸ್‌ಎಎಚ್. ಸ್ಪೆಷಲಿ ಅಡಾಪ್ಟೆಡ್ ಹೌಸಿಂಗ್. ದೊಡ್ಡ ಗ್ರಾಂಟ್, 1,21,812 ಡಾಲರ್‌ವರೆಗೆ. ಮನೆ ವೆಟರನ್ ಹೆಸರಲ್ಲಿರಬೇಕು ಅಥವಾ ಆಗಲಿರಬೇಕು. ಒಂದಕ್ಕಿಂತ ಹೆಚ್ಚು ಕೈಕಾಲುಗಳ ನಷ್ಟ ಅಥವಾ ಲಾಸ್ ಆಫ್ ಯೂಸ್; ಒಂದು ಕಾಲಿನ ನಷ್ಟದ ಜೊತೆ ಬೇರೆ ಕಾಯಿಲೆ ಅಥವಾ ಗಾಯದ ಉಳಿಕೆ ಸೇರಿ ನಡಿಗೆ ಕೆಟ್ಟಿರುವುದು; ಎರಡೂ ಕಣ್ಣಿನ ಕುರುಡು, ಅಂದರೆ ದೃಷ್ಟಿ 20/200 ಅಥವಾ ಅದಕ್ಕೂ ಕಡಿಮೆ; ಕೆಲವು ಬಗೆಯ ತೀವ್ರ ಸುಟ್ಟಗಾಯ. ಎಎಲ್‌ಎಸ್ ಕಾಯಿಲೆ (ನರ ಸತ್ತು ಸ್ನಾಯುಗಳು ಕ್ರಮೇಣ ಶಕ್ತಿಗುಂದುವುದು) ಸರ್ವಿಸ್ ಕನೆಕ್ಟೆಡ್ ಆಗಿ ಶೇ. 100 ಇದ್ದರೆ ಕೈಕಾಲಿನ ವಾದವೇ ಬೇಕಿಲ್ಲ, ನೇರ ಅರ್ಹತೆ. 2001ರ ಸೆಪ್ಟೆಂಬರ್ 11 ಅಥವಾ ಆ ನಂತರದ ಸೇವೆಯಲ್ಲಿ ಒಂದೇ ಕಾಲು ಹೋಗಿ ಕೋಲು–ಬ್ರೇಸ್ ಇಲ್ಲದೆ ನಡೆಯಲಾಗದವರಿಗೂ ಸಿಗುತ್ತದೆ. ಆದರೆ ಈ ಗುಂಪಿಗೆ ವರ್ಷಕ್ಕೆ 120 ಜನರ ಮಿತಿಯಿದೆ. ಈ ವರ್ಷದ ಪಾಲು ಮುಗಿದಿದ್ದರೆ ಅರ್ಹತೆ ಸಿಕ್ಕರೂ ಮುಂದಿನ ಅಕ್ಟೋಬರ್‌ವರೆಗೆ ಕಾಯಬೇಕಾಗಬಹುದು.

ಎಸ್‌ಎಚ್‌ಎ. ಸ್ಪೆಷಲ್ ಹೋಮ್ ಅಡಾಪ್ಟೇಷನ್. 24,405 ಡಾಲರ್‌ವರೆಗೆ. ಎರಡೂ ಕೈಗಳ ನಷ್ಟ ಅಥವಾ ಲಾಸ್ ಆಫ್ ಯೂಸ್, ಕೆಲವು ಸುಟ್ಟಗಾಯ, ಕೆಲವು ಉಸಿರಾಟದ ಗಾಯಗಳಿಗೆ. ಇಲ್ಲಿ ಮನೆ ಕುಟುಂಬದವರ ಹೆಸರಲ್ಲಿದ್ದರೂ ನಡೆಯುತ್ತದೆ. ಹಳೆಯ ಮಾಹಿತಿ ಓದಿ ಬಂದವರು ಕುರುಡನ್ನು ಈಗಲೂ ಈ ಸಾಲಿನಲ್ಲಿ ಹುಡುಕುತ್ತಾರೆ. 2020ರ ಕಾನೂನಿನಿಂದ ಅದು ದೊಡ್ಡ ಗ್ರಾಂಟಿಗೆ ಹೋಗಿದೆ.

ಟಿಆರ್‌ಎ. ಟೆಂಪರರಿ ರೆಸಿಡೆನ್ಸ್ ಅಡಾಪ್ಟೇಷನ್. ತಾತ್ಕಾಲಿಕವಾಗಿ ಬಂಧುಗಳ ಮನೆಯಲ್ಲಿರುವವರಿಗೆ. ಎಸ್‌ಎಎಚ್ ಅರ್ಹತೆ ಇದ್ದವರಿಗೆ 49,062 ಡಾಲರ್, ಎಸ್‌ಎಚ್‌ಎ ಇದ್ದವರಿಗೆ 8,760 ಡಾಲರ್‌ವರೆಗೆ. ನಮ್ಮವರ ಮನೆಗಳಿಗೆ ಇದು ಹೇಳಿ ಮಾಡಿಸಿದ್ದು, ಆದರೂ ಕೇಳುವವರು ಕಡಿಮೆ. ಆಸ್ಪತ್ರೆಯಿಂದ ಬಂದ ಮಗ ಎರಡು ವರ್ಷ ಅಪ್ಪ–ಅಮ್ಮನ ಮನೆಯಲ್ಲಿರುತ್ತಾನೆ, ಮನೆ ಅಪ್ಪನ ಹೆಸರಲ್ಲಿರುತ್ತದೆ, "ನಮಗೆ ಬರೋಲ್ಲ ಬಿಡಿ" ಎಂದು ಕೈಬಿಡುತ್ತಾರೆ. ಆ ಮನೆಯ ಬಚ್ಚಲಿಗೂ ಹಣ ಬರುತ್ತದೆ.

ಈ ಮೂರನ್ನೂ ಸೇರಿಸಿ ಜೀವಮಾನದಲ್ಲಿ ಒಟ್ಟು 6 ಸಲ ಬಳಸಬಹುದು. 2020ರ ಮೊದಲು 3 ಸಲವಿತ್ತು. ಆಗ "ಮುಗಿಯಿತು" ಎಂಬ ಉತ್ತರ ಪಡೆದವರು ಮತ್ತೆ ಕೇಳಲು ಇದೇ ಕಾರಣ ಸಾಕು.

ಹೈಸಾ. ಹೋಮ್ ಇಂಪ್ರೂವ್‌ಮೆಂಟ್ಸ್ ಅಂಡ್ ಸ್ಟ್ರಕ್ಚರಲ್ ಆಲ್ಟರೇಷನ್ಸ್. ಇದು ಬೇರೆಯೇ ಕವಲು. ಆಸ್ಪತ್ರೆಯ ವಿಭಾಗ ಕೊಡುವ ಸಣ್ಣ ಮೊತ್ತ, ಫಾರ್ಮ್ 10-0103. ಅಂಗ ಹೋಗಿರಬೇಕೆಂದಿಲ್ಲ. ವಿಎ ವೈದ್ಯರ ಪ್ರಿಸ್ಕ್ರಿಪ್ಷನ್, ಬಿಡಿಬಿಡಿಯಾದ ಖರ್ಚಿನ ಅಂದಾಜು, ಕೆಲಸಕ್ಕೆ ಮೊದಲಿನ ಬಣ್ಣದ ಫೋಟೋ ಬೇಕು. ಬಾಡಿಗೆ ಮನೆಯಾದರೆ ಮಾಲೀಕರ ನೋಟರಿ ಒಪ್ಪಿಗೆಯೂ ಬೇಕು. ಹಾಟ್ ಟಬ್, ಭದ್ರತಾ ಕ್ಯಾಮೆರಾ, ಮೆಟ್ಟಿಲ ಮೇಲೆ ಕೂರಿಸಿ ಒಯ್ಯುವ ಬಿಚ್ಚಿ ತೆಗೆಯಬಹುದಾದ ಕುರ್ಚಿ, ಇವಕ್ಕೆ ಕೊಡುವುದಿಲ್ಲ. ಕೆಲಸ ಮುಗಿದ ಮೇಲೆ ಅಂತಿಮ ಬಿಲ್ಲು ಸಲ್ಲಿಸಬೇಕು, ಗಡುವು ಯಾವಾಗಿನದೆಂದು ಮೊದಲೇ ಕೇಳಿಕೊಳ್ಳಿ.

## ಹಂತ 3: ಮನೆಯ ಅರ್ಜಿ

ಫಾರ್ಮ್ 26-4555. ಎಸ್‌ಎಎಚ್, ಎಸ್‌ಎಚ್‌ಎ ಎರಡಕ್ಕೂ ಒಂದೇ. ಆನ್‌ಲೈನ್, ಅಂಚೆ, ವಿಎ ಪ್ರಾದೇಶಿಕ ಕಚೇರಿ ಮೂರೂ ದಾರಿ ತೆರೆದಿವೆ. ಫಾರ್ಮ್ ಚಿಕ್ಕದು, ತುಂಬಲು ಕಷ್ಟವಿಲ್ಲ. ಮನೆ ಇನ್ನೂ ಕೊಂಡಿಲ್ಲವಾದರೂ ಅರ್ಜಿ ಹಾಕಿ ಅರ್ಹತೆಯ ಪತ್ರ ತೆಗೆದಿಟ್ಟುಕೊಳ್ಳಬಹುದು. ಮನೆ ಹುಡುಕುವ ಮೊದಲೇ ಪತ್ರ ಕೈಯಲ್ಲಿದ್ದರೆ ಎಂಥ ಮನೆ ಹುಡುಕಬೇಕೆಂಬುದೂ ಬದಲಾಗುತ್ತದೆ.

ಎಎಲ್‌ಎಸ್‌ನಂತೆ ದಿನದಿನಕ್ಕೂ ಬೆಳೆಯುವ ಕಾಯಿಲೆಯಾದರೆ ಕವರಿಂಗ್ ಲೆಟರಿನ ಮೊದಲ ಸಾಲಿನಲ್ಲೇ ಅದನ್ನು ಬರೆಯಿರಿ. ಒಳಗೆ ಮೂರನೇ ಪುಟದಲ್ಲಿ ಅಡಗಿಸಿದರೆ ನೋಡುವವರ ಕಣ್ಣಿಗೆ ತಡವಾಗಿ ಬೀಳುತ್ತದೆ.

## ಹಂತ 4: ಏಜೆಂಟ್, ಅಳತೆ, ಗುತ್ತಿಗೆದಾರ

ಅರ್ಹತೆ ಒಪ್ಪಿದ ಮೇಲೆ ವಿಎ ಒಬ್ಬ ಎಸ್‌ಎಎಚ್ ಏಜೆಂಟನ್ನು ನೇಮಿಸುತ್ತದೆ. ಅವರು ವಿಎ ನೌಕರರು, ಬ್ರೋಕರ್ ಅಲ್ಲ. ಅವರಿಗೆ ನೀವು ಏನೂ ಕೊಡಬೇಕಿಲ್ಲ. ಅವರು ಮನೆ ನೋಡಿ, ಈ ಮನೆ ಮಾರ್ಪಾಡಿಗೆ ಒಗ್ಗುತ್ತದೆಯೇ, ಖರ್ಚು ಕುಟುಂಬಕ್ಕೆ ತಾಳುತ್ತದೆಯೇ ಎಂದು ತೂಗಿ ಮೊದಲು ಷರತ್ತಿನ ಒಪ್ಪಿಗೆ ಕೊಡುತ್ತಾರೆ. ನಕ್ಷೆ, ವಿವರಪಟ್ಟಿ, ಗುತ್ತಿಗೆ ಒಪ್ಪಂದ ಎಲ್ಲ ಸಲ್ಲಿಸಿದ ಮೇಲೆ ಅಂತಿಮ ಒಪ್ಪಿಗೆ. ಅಂತಿಮ ಒಪ್ಪಿಗೆಗೆ ಮೊದಲು ಗೋಡೆಗೆ ಸುತ್ತಿಗೆ ಬೀಳಬಾರದು. ಷರತ್ತಿನ ಒಪ್ಪಿಗೆಯನ್ನೇ ಅಂತಿಮ ಎಂದುಕೊಂಡು ಕೆಲಸ ಶುರು ಮಾಡಿಸುವುದು ಈ ಹಂತದ ದೊಡ್ಡ ತಪ್ಪು.

ಏಜೆಂಟ್ ಬರುವ ಮೊದಲು ನೀವೇ ಟೇಪು ಹಿಡಿದು ಮನೆ ಸುತ್ತಿ. ಬಾಗಿಲಿನ ಅಳತೆಯಲ್ಲಿ ಎಲ್ಲರೂ ಮೋಸ ಹೋಗುತ್ತಾರೆ. 32 ಇಂಚಿನ ಬಾಗಿಲು ಎಂದರೆ ಹಲಗೆ 32 ಇಂಚು. ಅದನ್ನು ಲಂಬಕೋನಕ್ಕೆ ತೆರೆದು, ಹಲಗೆಯ ಮುಖದಿಂದ ಎದುರಿನ ಚೌಕಟ್ಟಿನ ಪಟ್ಟಿಯವರೆಗೆ ಅಳೆಯಿರಿ: ಸುಮಾರು 30 ಇಂಚೇ ಸಿಗುತ್ತದೆ. ಗಾಲಿಕುರ್ಚಿ 26 ಇಂಚಿದ್ದರೆ ಎರಡೂ ಬದಿ ಎರಡೆರಡು ಇಂಚು, ಚಕ್ರ ತಳ್ಳುವ ಬೆರಳ ಗೆಣ್ಣು ಚೌಕಟ್ಟಿಗೆ ಉಜ್ಜುವುದು ಖಂಡಿತ. 36 ಇಂಚಿನ ಬಾಗಿಲಾದರೆ 34ರ ಹತ್ತಿರ ಸಿಗುತ್ತದೆ, ಅದೇ ಸರಿ. ಚೌಕಟ್ಟು ಒಡೆಯಲಾಗದ ಕಡೆ, ತೆರೆದಾಗ ಹಲಗೆಯನ್ನು ದಾರಿಯಿಂದ ಪೂರ್ತಿ ಪಕ್ಕಕ್ಕೆ ಸರಿಸುವ ಬಗೆಯ ಕೀಲು ಹಾಕಿಸಿದರೆ ಸುಮಾರು ಎರಡು ಇಂಚು ಗಳಿಸಬಹುದು.

ರ‍್ಯಾಂಪಿನ ಲೆಕ್ಕ ಇನ್ನೂ ಸರಳ, ಆದರೂ ಅಂಗಳಕ್ಕೆ ಹೊಂದದೆ ಯೋಜನೆ ಮುರಿಯುವುದು ಇಲ್ಲಿ. ಇಳಿಜಾರು 1ಕ್ಕೆ 12. ಮುಂಬಾಗಿಲಿಗೆ ತಲಾ 7 ಇಂಚಿನ ಮೂರು ಮೆಟ್ಟಿಲಿದ್ದರೆ ಎತ್ತರ 21 ಇಂಚು, ರ‍್ಯಾಂಪ್ 21 ಅಡಿ. ಮೇಲೆ ಕುರ್ಚಿ ನಿಲ್ಲಿಸಿ ಬಾಗಿಲು ತೆರೆಯಲು 5 ಅಡಿ ಸಮತಟ್ಟು ಬೇಕು, ಕೆಳಗೂ ಅಷ್ಟೇ. ಒಟ್ಟು 31 ಅಡಿ. ಮುಂದಿನ ಅಂಗಳ 25 ಅಡಿ ಇದ್ದರೆ ತಿರುವು ಹಾಕಬೇಕು, ತಿರುವಿನಲ್ಲಿ ಮತ್ತೊಂದು 5 ಅಡಿಯ ಸಮತಟ್ಟು. ಎಸ್‌ಎಎಚ್‌ಗೆ ಒಂದಲ್ಲ, ಎರಡು ಕಡೆಯಿಂದ ಹೊರಬೀಳುವ ದಾರಿ ಇರಬೇಕು. ಬೆಂಕಿ ಬಿದ್ದಾಗ ಒಂದೇ ಬಾಗಿಲನ್ನು ನಂಬಿ ಕೂರುವಂತಿಲ್ಲ. ಬಚ್ಚಲಲ್ಲಿ ಕುರ್ಚಿ ಪೂರ್ತಿ ಸುತ್ತಲು 60 ಇಂಚಿನ ವೃತ್ತ ಲೆಕ್ಕ ಹಾಕಿ. ಸೀಮೆಸುಣ್ಣದಿಂದ ನೆಲದ ಮೇಲೆ ಬರೆದೇ ನೋಡಿ: ಕಮೋಡು ವೃತ್ತದೊಳಗೆ ಬಂದರೆ ನಕ್ಷೆ ಬದಲಾಗಲೇಬೇಕು.

ಗುತ್ತಿಗೆದಾರರಿಗೆ ಆ ರಾಜ್ಯದ ಲೈಸೆನ್ಸ್ ಮತ್ತು ವಿಎ ನೋಂದಣಿ ಇರಬೇಕು. ಹಣವನ್ನು ಎಸ್ಕ್ರೋ ಖಾತೆಯಲ್ಲಿ, ಅಂದರೆ ಮೂರನೆಯವರ ವಶದಲ್ಲಿ, ಇಟ್ಟು, ಕೆಲಸ ತಪಾಸಣೆಯಾದಂತೆ ಕಂತಿನಲ್ಲಿ ಬಿಡುಗಡೆ ಮಾಡುತ್ತಾರೆ. "ಪೂರ್ತಿ ಮುಂಗಡ ಕೊಡಿ, ವಿಎ ಹಣ ಬಂದ ಮೇಲೆ ನೀವು ಇಟ್ಟುಕೊಳ್ಳಿ" ಎನ್ನುವವರು, ಅರ್ಹತೆ ಕೊಡಿಸುತ್ತೇವೆಂದು ಗ್ರಾಂಟಿನ ಪಾಲು ಕೇಳುವವರು, ಖಾಲಿ ಬಿಲ್ಲಿಗೆ ಸಹಿ ಹಾಕಿಸುವವರು, ಈ ಮೂವರಲ್ಲಿ ಯಾರು ಎದುರಾದರೂ ಏಜೆಂಟಿಗೆ ಫೋನ್ ಮಾಡಿ.

ಒಂದು ಅಡ್ಡಮಾತು. ಎಸ್‌ಎಎಚ್ ಗ್ರಾಂಟ್ ಸಿಕ್ಕವರಿಗೆ ಮನೆ ಸಾಲಕ್ಕೆ 2,00,000 ಡಾಲರ್‌ವರೆಗಿನ ಜೀವವಿಮೆ ವಿಎಯಿಂದಲೇ ದೊರೆಯುತ್ತದೆ, ಫಾರ್ಮ್ 29-8636. 70 ತುಂಬುವ ಮೊದಲೇ ಅರ್ಜಿ ಹಾಕಬೇಕು. ಅಂಗವೈಕಲ್ಯ ಇದ್ದವರಿಗೆ ಖಾಸಗಿ ವಿಮೆ ಸುಲಭಕ್ಕೆ ಸಿಗದ ಕಾರಣ ಇದನ್ನು ಬಿಡಬೇಡಿ.

## ಹಂತ 5: ವಾಹನ

ಇಲ್ಲಿ ಎರಡು ಬೇರೆ ನೆರವುಗಳಿವೆ. ಕಾರು ಕೊಳ್ಳಲು ಕೊಡುವ ಹಣ, 2025ರ ಹಣಕಾಸು ವರ್ಷದಲ್ಲಿ 27,074.99 ಡಾಲರ್‌ವರೆಗೆ, ಫಾರ್ಮ್ 21-4502. ಕಾರಿಗೆ ಅಳವಡಿಸುವ ಸಲಕರಣೆಗೆ ಕೊಡುವ ಹಣ, ಫಾರ್ಮ್ 10-1394.

ಕಾರಿನ ಹಣಕ್ಕೆ ಅರ್ಹತೆ ಮನೆಯದಕ್ಕಿಂತ ಸಡಿಲ. ಒಂದು ಪಾದ ಅಥವಾ ಒಂದು ಕೈಯ ನಷ್ಟ ಅಥವಾ ಶಾಶ್ವತ ಲಾಸ್ ಆಫ್ ಯೂಸ್ ಸಾಕು. ಕನ್ನಡಕ ಹಾಕಿಯೂ ಒಳ್ಳೆಯ ಕಣ್ಣಿನ ದೃಷ್ಟಿ 20/200 ಅಥವಾ ಕಡಿಮೆ ಇರುವುದು, ಇಲ್ಲವೇ ನೋಟದ ವ್ಯಾಪ್ತಿ 20 ಡಿಗ್ರಿಗೆ ಕುಗ್ಗಿರುವುದು; ತೀವ್ರ ಸುಟ್ಟಗಾಯ; ಎಎಲ್‌ಎಸ್. ಕಣ್ಣು ಕಾಣದವರು ಓಡಿಸುವುದಿಲ್ಲವಲ್ಲ ಎಂಬ ಅನುಮಾನ ಬೇಡ, ಅವರಿಗಾಗಿ ಬೇರೆಯವರು ಓಡಿಸಬಹುದು. ಮೊಣಕಾಲು ಅಥವಾ ಸೊಂಟದ ಕೀಲು ಬಿಗಿದವರಿಗೆ ಮಾತ್ರ ಒಂದು ಮಿತಿ: ಸಲಕರಣೆಗೆ ಹಣ ಬರುತ್ತದೆ, ಕಾರಿಗೆ ಬರುವುದಿಲ್ಲ.

ಕ್ರಮ ಹೀಗೆ. 21-4502ರ ಮೊದಲ ಭಾಗ ನೀವು ತುಂಬಿ ಕಳಿಸಿ. ವಿಎ ಎರಡನೇ ಭಾಗದಲ್ಲಿ ಅರ್ಹತೆ ದೃಢಪಡಿಸಿ ಅದೇ ಫಾರ್ಮನ್ನು ವಾಪಸು ಕಳಿಸುತ್ತದೆ. ಅದನ್ನು ಹಿಡಿದೇ ಶೋರೂಮಿಗೆ ಹೋಗಿ. ವಾಹನ ಕೈಗೆ ಬಂದ ಮೇಲೆ ಮೂರನೇ ಭಾಗಕ್ಕೆ ಸಹಿ. ಬಿಲ್ಲಿನ ಜೊತೆ ಅದು ವಿಎಗೆ ಹೋಗುತ್ತದೆ, ಹಣ ನೇರವಾಗಿ ಮಾರಿದವರಿಗೆ ಬರುತ್ತದೆ. ಕಾರು ಇನ್ನೂ ಅವರ ಯಾರ್ಡಿನಲ್ಲಿರುವಾಗಲೇ "ಸಹಿ ಹಾಕಿಬಿಡಿ, ಆಮೇಲೆ ಓಡಾಟ ತಪ್ಪುತ್ತದೆ" ಎಂದರೆ ಹಾಕಬೇಡಿ. ವಿಎಯಿಂದ ಹಣ ಬರುವವರೆಗೆ ಕಾಯಲು ಒಪ್ಪುತ್ತೀರಾ ಎಂದು ಮಾರುವವರನ್ನು ಮೊದಲ ದಿನವೇ ಕೇಳಿ, ಎಲ್ಲರೂ ಒಪ್ಪುವುದಿಲ್ಲ.

ಕಾರಿನ ಹಣ ಬಹುಕಾಲ ಒಮ್ಮೆ ಮಾತ್ರ ಸಿಗುವ ನೆರವಾಗಿತ್ತು. 2023ರ ಜನವರಿಯಲ್ಲಿ ಜಾರಿಯಾದ ಕಾನೂನಿನಿಂದ, ಹಿಂದಿನದು ಪಡೆದು 30 ವರ್ಷ ದಾಟಿದವರು ಮತ್ತೆ ಕೇಳಬಹುದು. ವಿಯೆಟ್ನಾಂ ಕಾಲದವರಲ್ಲಿ ಇದಕ್ಕೆ ಅರ್ಹರಾದವರಿದ್ದಾರೆ. ಸಲಕರಣೆಯ ಹಣ ಒಮ್ಮೆಗೆ ಮುಗಿಯುವುದಿಲ್ಲ: ನಾಲ್ಕು ವರ್ಷದಲ್ಲಿ ಎರಡು ವಾಹನಗಳವರೆಗೆ.

ಸಲಕರಣೆಗೆ ವಿಎ ಆಸ್ಪತ್ರೆಯ ಪ್ರಾಸ್ಥೆಟಿಕ್ಸ್ ವಿಭಾಗದಲ್ಲಿ ವಿಚಾರಿಸಿ. ಕೈಯಿಂದ ಒತ್ತುವ ಬ್ರೇಕು, ಎಡಗಾಲಿನ ಆಕ್ಸಿಲರೇಟರು ಇಂಥದ್ದು ಬೇಕಾದರೆ ಚಾಲನಾ ಪುನರ್ವಸತಿ ತಜ್ಞರ ಪರೀಕ್ಷೆ ಮೊದಲು ಮುಗಿಸಿ. ಸಲಕರಣೆ ಕೊಂಡ ಮೇಲೆ ತಜ್ಞರು "ಇದಲ್ಲ, ಬೇರೆ ಬೇಕು" ಎಂದರೆ ಕಷ್ಟ.

ವ್ಯಾನ್ ಆಯುವಾಗ ಅಳೆಯಬೇಕಾದ್ದು ಕುರ್ಚಿಯಲ್ಲಿ ಕೂತವರ ತಲೆಯ ಎತ್ತರ. ನೆಲದಿಂದ ನೆತ್ತಿಯವರೆಗೆ ಅಳೆದು, ಬಾಗಿಲ ಎತ್ತರ ಅದಕ್ಕಿಂತ ಕನಿಷ್ಠ ಎರಡು ಇಂಚು ಹೆಚ್ಚಿರಲಿ. ರ‍್ಯಾಂಪ್ ಏರುವಾಗ ಕುರ್ಚಿ ಹಿಂದಕ್ಕೆ ವಾಲಿ ತಲೆ ಇನ್ನೂ ಮೇಲೆ ಬರುತ್ತದೆ. ಪಕ್ಕದ ರ‍್ಯಾಂಪಿನ ವ್ಯಾನಾದರೆ ಗ್ಯಾರೇಜಿನಲ್ಲಿ ರ‍್ಯಾಂಪ್ ಪೂರ್ತಿ ಬಿಚ್ಚಿ, ಅದರ ತುದಿಯಲ್ಲಿ ಕುರ್ಚಿ ತಿರುಗಲು ಜಾಗ ಇದೆಯೇ ನೋಡಿ. ಶೋರೂಮಿನ ಕುರ್ಚಿಯಲ್ಲಿ ಪರೀಕ್ಷೆ ಮಾಡಬೇಡಿ, ನಿಮ್ಮದೇ ಕುರ್ಚಿ ಒಯ್ಯಿರಿ.

## ಹಂತ 6: ತಿರಸ್ಕಾರದ ಪತ್ರ ಬಂದರೆ

ಹೊಸ ಅರ್ಜಿ ಹಾಕುವ ಮೊದಲು ತಿರಸ್ಕಾರದ ಕಾರಣ ಓದಿ. ಮೂರು ದಾರಿಗಳಿವೆ. ಎರಡನೆಯದಕ್ಕೂ ಮೂರನೆಯದಕ್ಕೂ ಪತ್ರದ ದಿನಾಂಕದಿಂದ ಒಂದು ವರ್ಷದ ಗಡುವಿದೆ, ಮೊದಲನೆಯದನ್ನೂ ಅದರೊಳಗೇ ಹಿಡಿಯುವುದು ಒಳ್ಳೆಯದು.

ವೈದ್ಯರ ಪತ್ರವೇ ಸರಿಯಿರಲಿಲ್ಲ, ಈಗ ಹೊಸದು ಸಿಕ್ಕಿದೆ ಎಂದಾದರೆ ಸಪ್ಲಿಮೆಂಟಲ್ ಕ್ಲೇಮ್, ಫಾರ್ಮ್ 20-0995. ಸಾಕ್ಷ್ಯವೆಲ್ಲ ಕಡತದಲ್ಲೇ ಇತ್ತು, ಓದಿದವರು ತಪ್ಪಾಗಿ ಓದಿದ್ದಾರೆ ಎಂದಾದರೆ ಹೈಯರ್ ಲೆವೆಲ್ ರಿವ್ಯೂ, ಫಾರ್ಮ್ 20-0996. ಇಲ್ಲಿ ಹೊಸ ಕಾಗದ ಒಪ್ಪುವುದಿಲ್ಲ. ಎರಡೂ ಸಾಲದಿದ್ದರೆ ವೆಟರನ್‌ಗಳ ಮೇಲ್ಮನವಿ ಕೇಳುವ ಬೋರ್ಡಿಗೆ ಮೇಲ್ಮನವಿ, ಫಾರ್ಮ್ 10182; ಇದಕ್ಕೆ ಹೆಚ್ಚು ಕಾಲ ಹಿಡಿಯುತ್ತದೆ. ಲಾಸ್ ಆಫ್ ಯೂಸ್ ಎಂಬ ಪದವಿಲ್ಲದೆ ಸೋತ ಅರ್ಜಿಗಳಿಗೆ ಬಹುಪಾಲು ಮೊದಲನೆಯದೇ ಸರಿ: ಒಂದನೇ ಹಂತದ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸುವ ಪತ್ರವನ್ನು ವೈದ್ಯರಿಂದ ಬರೆಸಿ ಲಗತ್ತಿಸಿ.